ಕಿನ್ನಾಳದ ಕೆಲಸದ ಮನೆಗೆ ಕಥೆ ಹೇಳುವ ಡಬ್ಬಿ ಕಟ್ಟಿದ ಬಗೆ

ಮೊದಲು ಡಬ್ಬಿ ಏನು ಅಂತ ಹೇಳಿಬಿಡುತ್ತೇನೆ. ಹಗುರ ಮರದ ಪೆಟ್ಟಿಗೆ, ಮೂರು ಗುಂಡಿ, ದನಿ ಏರಿಸಿ ಇಳಿಸಲು ಒಂದು ತಿರುಪು, ಒಂದು ಸ್ಪೀಕರ್. ಪರದೆ ಇಲ್ಲ, ಸಿಮ್ ಇಲ್ಲ, ಇಂಟರ್ನೆಟ್ ಬೇಡ. ಒಳಗಿನ ಮೆಮೊರಿ ಕಾರ್ಡಿನಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ, ಸುರಪುರ ಸೀಮೆಯ 19ನೇ ಶತಮಾನದ ಇತಿಹಾಸ ಇದೆ, ಕನ್ನಡದಲ್ಲಿ ಓದಿ ರೆಕಾರ್ಡ್ ಮಾಡಿದ್ದು. ಗುಂಡಿ ಒತ್ತಿದರೆ ನಿನ್ನೆ ನಿಂತ ಕಡೆಯಿಂದ ಶುರುವಾಗುತ್ತದೆ. ಕೊನೆಯ ಈ ಒಂದು ಸಾಲಿಗೇ ಜಾಸ್ತಿ ಕೆಲಸ ಹಿಡಿಯಿತು.

ಯಾರಿಗಾಗಿ ಅಂದರೆ, ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರಿಗೆ. ಅವರ ಕೈ ಬೆಳಗಿನಿಂದ ಸಂಜೆವರೆಗೆ ಸಂದಿಗೆ ತುಂಬುವ ಕಿಟ್ಟದಲ್ಲಿ, ಬಣ್ಣದಲ್ಲಿ, ಹುಣಸೆ ಬೀಜದ ಅಂಟಿನಲ್ಲಿ ಇರುತ್ತದೆ. ಕಿವಿ ಮಾತ್ರ ಖಾಲಿ. ಫೋನಿನಲ್ಲಿ ಏನಾದರೂ ಹಾಕಿಕೊಂಡರೆ ನಡುವೆ ಕರೆ ಬರುತ್ತದೆ, ಜಾಹೀರಾತು ಬರುತ್ತದೆ, ಅದನ್ನು ತೆಗೆಯೋಕೆ ಕೈ ತೊಳೆದು ಒರೆಸಿಕೊಂಡು ಬರಬೇಕು. ಒಂದು ದಿನ ಮಾತಿನ ನಡುವೆ ಕೊಪ್ಪಳದ ಕೋಟೆ ವಿಷಯ ಬಂತು. ಇಂಗ್ಲಿಷರ ವಿರುದ್ಧ ಎದ್ದ ಮುಂಡರಗಿ ಭೀಮರಾಯರ ಹೆಸರು ಎಲ್ಲರಿಗೂ ಗೊತ್ತಿತ್ತು. ಅವರು ಆ ಕೋಟೆಗೆ ಯಾಕೆ ಬಂದರು, ಆಮೇಲೆ ಏನಾಯ್ತು ಅಂತ ಪೂರ್ತಿ ಹೇಳುವವರು ಬೇಕಾಗಿದ್ದರು. ನಮ್ಮ ಸೀಮೆಯ ಈ ಕಾಲದ ಕಥೆ ಕನ್ನಡದಲ್ಲಿ ಕೇಳಲು ನನಗೆ ಎಲ್ಲೂ ಸಿಗಲಿಲ್ಲ. ಹಾಗಾಗಿ ಓದುವುದೂ ನಾನೇ, ಡಬ್ಬಿ ಕಟ್ಟುವುದೂ ನಾನೇ ಅಂತ ಕೂತೆ.

ಪಠ್ಯ

ಭಾರತದ ಕಾಪಿರೈಟ್ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಪುಸ್ತಕದ ಹಕ್ಕು ಉಳಿದಿರುತ್ತದೆ. ಆದ್ದರಿಂದ ಈಚಿನ ಕನ್ನಡ ಪುಸ್ತಕ ಎದುರಿಗಿಟ್ಟುಕೊಂಡು ಓದಿ ಹಂಚುವಂತಿಲ್ಲ. ಮೂಲ ಎಷ್ಟೇ ಹಳೆಯದಾದರೂ ಅನುವಾದ ಹೊಸದಾಗಿದ್ದರೆ ಅದನ್ನೂ ಮುಟ್ಟುವಂತಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಒಳ್ಳೆ ಉದ್ದೇಶಕ್ಕೆ ಮಾಡ್ತಿದ್ದೀವಲ್ಲ ಅಂತ ಜನ ಸುಮ್ನೆ ಓದಿ ಹಾಕಿಬಿಡುತ್ತಾರೆ.

ನಾನು ಹಿಡಿದದ್ದು ಹಕ್ಕು ಮುಗಿದ ಹಳೆಯ ಇಂಗ್ಲಿಷ್ ಪುಸ್ತಕಗಳನ್ನು. ಫಿಲಿಪ್ ಮೆಡೋಸ್ ಟೇಲರ್ ಆತ್ಮಕಥೆ, 1877ರಲ್ಲಿ ಬಂದದ್ದು. ಜಾನ್ ಕೆಲ್ಸಾಲ್ ಬರೆದ ಬಳ್ಳಾರಿ ಜಿಲ್ಲೆಯ ಕೈಪಿಡಿ, 1872ರದ್ದು. ವಿಲಿಯಂ ಡಿಗ್ಬಿ 1878ರಲ್ಲಿ ಎರಡು ಸಂಪುಟಗಳಲ್ಲಿ ಬರೆದ ದಕ್ಷಿಣ ಭಾರತದ ಬರಗಾಲದ ಕಥನ. ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಇವೆ. ಇವನ್ನು ಓದಿ, ಒಂದಕ್ಕೊಂದು ತಾಳೆ ನೋಡಿ, ಕನ್ನಡದ ಪಠ್ಯ ನಾನೇ ಬರೆದೆ. ಸಾಲು ಸಾಲಾಗಿ ಅನುವಾದ ಮಾಡಲಿಲ್ಲ. ಕೆಲಸ ಮಾಡುತ್ತಾ ಕೇಳುವವರಿಗೆ ಆ ಉದ್ದುದ್ದ ವಾಕ್ಯಗಳು ಹತ್ತುವುದಿಲ್ಲ.

ಕಾರ್ಡಿನಲ್ಲಿ ಈಗ ಆರು ಫೋಲ್ಡರ್ ಇವೆ, ಒಂದೊಂದೂ ಒಂದು ಕಥೆ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟದ್ದು, ಥಾಮಸ್ ಮನ್ರೋ 1807ರವರೆಗೆ ಅಲ್ಲಿ ಕಲೆಕ್ಟರ್ ಆಗಿದ್ದದ್ದು ಮೊದಲನೆಯದು. ಕೊಪ್ಪಳದ ಕೋಟೆ ಎರಡನೆಯದು: 1786ರಲ್ಲಿ ಟಿಪ್ಪು ಫ್ರೆಂಚ್ ಎಂಜಿನಿಯರ್‌ಗಳಿಂದ ಅದನ್ನು ಬಲಪಡಿಸಿದ ಕಾಲದಿಂದ ಶುರುವಾಗಿ, 1819ರಲ್ಲಿ ವೀರಪ್ಪ ಬಂಡೆದ್ದು ಆ ಕೋಟೆ ಹಿಡಿದದ್ದು, 1858ರಲ್ಲಿ ಮುಂಡರಗಿ ಭೀಮರಾಯ ಮತ್ತು ಹಮ್ಮಿಗೆ ಕೆಂಚನಗೌಡ ಅಲ್ಲೇ ಕಾದಾಡಿ ಸತ್ತದ್ದರವರೆಗೆ. ಮೂರನೆಯದು ಸುರಪುರ. ನಾಲ್ಕನೆಯದು ಬಳ್ಳಾರಿಯ ಅಚ್ಚುಕೂಟದ್ದು, ಚಿಕ್ಕದು. ಮಂಗಳೂರಿನಲ್ಲಿ 1843ರ ಜುಲೈನಲ್ಲಿ ಜರ್ಮನ್ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಶುರು ಮಾಡಿದ ಮಂಗಳೂರು ಸಮಾಚಾರ ಪತ್ರಿಕೆ ಮರುವರ್ಷ ಕನ್ನಡ ಸಮಾಚಾರ ಅಂತ ಹೆಸರು ಬದಲಿಸಿಕೊಂಡು ಬಳ್ಳಾರಿಯಲ್ಲಿ ಅಚ್ಚಾಯಿತು ಅನ್ನೋದು ನಮ್ಮ ಕಡೆಯವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಐದನೆಯದು ರಾಯಚೂರು: ಕೃಷ್ಣಾ ತುಂಗಭದ್ರೆ ನಡುವಿನ ದೋಆಬ್ ಸೀಮೆ 1853ರಲ್ಲಿ ಕಂಪನಿಯ ಕೈಗೆ ಹೋಗಿ 1860ರಲ್ಲಿ ನಿಜಾಮರಿಗೆ ಮರಳಿದ್ದು, ಆಮೇಲೆ 1871ರಲ್ಲಿ ಮದ್ರಾಸ್ ಕಡೆಯ ರೈಲು ಹಳಿಯೂ ಬೊಂಬಾಯಿ ಕಡೆಯದೂ ರಾಯಚೂರಿನಲ್ಲಿ ಬಂದು ಕೂಡಿದ್ದು. ಆರನೆಯದು ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರವರೆಗಿನದು.

ಬರೆಯುವಾಗ ಒಂದು ತೊಡಕು ಎದುರಾಯಿತು. ಪುಸ್ತಕದಲ್ಲಿ ಉದ್ಧರಣ ಚಿಹ್ನೆ ಇರುತ್ತದೆ, ಯಾರು ಹೇಳಿದ್ದು ಅಂತ ಕಣ್ಣಿಗೆ ಗೊತ್ತಾಗುತ್ತದೆ. ಕಿವಿಗೆ ಆ ಚಿಹ್ನೆ ಕೇಳಿಸುವುದಿಲ್ಲ. ನನ್ನ ಮೂಲಗಳೆಲ್ಲ ಆಳುವವರು ಬರೆದವು. ಭೀಮರಾಯರನ್ನು ಅವರು ಬಂಡುಕೋರ ಅನ್ನುತ್ತಾರೆ. ನನ್ನ ಒಂದೇ ದನಿಯಲ್ಲಿ ಎಲ್ಲವನ್ನೂ ಓದಿದರೆ ಆ ಮಾತು ನನ್ನದೇ ಅಂತ ಆಗಿಬಿಡುತ್ತದೆ, ಅಲ್ವಾ? ಆದ್ದರಿಂದ ಎರಡು ದನಿ ಇಟ್ಟೆ. ಕಥೆ ಹೇಳುವುದು ನಾನು. ಇಂಗ್ಲಿಷರ ಪುಸ್ತಕದಿಂದ ಎತ್ತಿದ ಪ್ರತಿ ಮಾತನ್ನೂ ರಾಯಚೂರಿನ ಗೆಳತಿಯೊಬ್ಬರು ಓದಿದ್ದಾರೆ. ಅವರ ದನಿ ಬಂತು ಅಂದರೆ ಇದು ಬರೆದಿಟ್ಟವರ ಮಾತು ಅಂತ ಕೇಳುಗರಿಗೆ ಬೇಗ ಅಭ್ಯಾಸವಾಯಿತು. ಇತಿಹಾಸವನ್ನು ಓದಿ ರೆಕಾರ್ಡ್ ಮಾಡುವವರು ಬೇರೆ ಏನು ಬಿಟ್ಟರೂ ಇದನ್ನು ಬಿಡಬಾರದು.

ಅಂಕಿಗಳ ವಿಷಯದಲ್ಲೂ ಕಿವಿಗೆ ಬೇರೆ ಲೆಕ್ಕ. ಬರದ ಕಥೆಯಲ್ಲಿ ಪರಿಹಾರ ಕಾಮಗಾರಿಯ ಕೂಲಿ ಬರುತ್ತದೆ. 1877ರ ಶುರುವಿನಲ್ಲಿ ಬರ ನೋಡಲು ಸರ್ಕಾರ ಕಳಿಸಿದ್ದ ರಿಚರ್ಡ್ ಟೆಂಪಲ್ ಅದನ್ನು ಒಬ್ಬ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದ. ಮದ್ರಾಸಿನ ಆರೋಗ್ಯ ಅಧಿಕಾರಿ ಕಾರ್ನಿಶ್ ಅದನ್ನು ಬಲವಾಗಿ ವಿರೋಧಿಸಿದ. ಪೌಂಡ್ ಅಂದರೆ ಯಾರಿಗೂ ಏನೂ ತಟ್ಟುವುದಿಲ್ಲ. ದಿನವಿಡೀ ಕಲ್ಲು ಒಡೆಯುವ ಗಂಡಾಳಿಗೆ ಅರ್ಧ ಕೆಜಿಗೂ ಕಡಿಮೆ ಕಾಳು, ಮೇಲೆ ಒಂದಿಷ್ಟು ಕಾಸು ಅಂತ ಓದಿದೆ. ಆ ತುಂಡು ಮುಗಿದಾಗ ಕೆಲಸದ ಮನೆಯಲ್ಲಿ ಒಬ್ಬರು ಉಳಿ ಕೆಳಗಿಟ್ಟು, ಇನ್ನೊಮ್ಮೆ ಹಾಕ್ರಿ ಅಂದರು.

ಐದು ನಿಮಿಷದ ತುಂಡು

ಈಗ ಯಂತ್ರದ ಕಡೆ. ಎಂಪಿ3 ನುಡಿಸಲು ಹಾಕಿದ್ದು ಡಿಎಫ್‌ಪ್ಲೇಯರ್ ಮಿನಿ ಅನ್ನುವ ಚಿಕ್ಕ ಬೋರ್ಡ್. ಮೆಮೊರಿ ಕಾರ್ಡ್ ನೇರವಾಗಿ ಅದಕ್ಕೇ ಸಿಕ್ಕಿಸಬಹುದು, 32 ಜಿಬಿವರೆಗೆ. 3 ವಾಟ್ ಆಂಪ್ಲಿಫೈಯರ್ ಅದರಲ್ಲೇ ಇದೆ. ಅದಕ್ಕೆ ಅಪ್ಪಣೆ ಕೊಡಲು ಒಂದು ಆರ್ಡುಯಿನೊ ನ್ಯಾನೊ, ನಾವು ಬರೆದ ಪ್ರೋಗ್ರಾಮ್ ಓಡಿಸುವ ಪುಟ್ಟ ಬೋರ್ಡ್. ಎರಡೂ ಅಗ್ಗ, ಎರಡೂ ಕೆಟ್ಟರೆ ಬದಲಿಸಲು ಸುಲಭ.

ಈ ಬೋರ್ಡಿಗೆ ಒಂದು ಮಿತಿ ಇದೆ. ಎಷ್ಟನೇ ಫೈಲ್ ನುಡಿಸು ಅಂತ ಹೇಳಬಹುದು, ಆ ಫೈಲಿನ ನಡುವಿನ ಇಷ್ಟನೇ ನಿಮಿಷದಿಂದ ಶುರು ಮಾಡು ಅಂತ ಹೇಳಲಾಗುವುದಿಲ್ಲ. ವಿದ್ಯುತ್ ಇದ್ದಾಗ ನಿಲ್ಲಿಸಿ ಮುಂದುವರಿಸಬಹುದು. ಆಫ್ ಮಾಡಿದರೆ ಮುಗೀತು, ಫೈಲಿನ ತಲೆಯಿಂದಲೇ. ಒಂದು ಗಂಟೆಯ ಅಧ್ಯಾಯ ಒಂದೇ ಫೈಲ್ ಆಗಿದ್ದರೆ ಮರುದಿನ ಮತ್ತೆ ಒಂದು ಗಂಟೆ ಹಿಂದಕ್ಕೆ. ಇದಕ್ಕಿಂತ ದುಬಾರಿ ಬೋರ್ಡ್ ಹಾಕಿ ಬಗೆಹರಿಸಬಹುದಿತ್ತು. ನಾನು ಕಥೆಯನ್ನೇ ಕತ್ತರಿಸಿದೆ. ಪ್ರತಿ ಫೈಲ್ ಸುಮಾರು ಐದು ನಿಮಿಷ, ನನ್ನ ಓದಿನ ವೇಗಕ್ಕೆ 450 ಪದದ ಆಸುಪಾಸು. ಎಲ್ಲಿ ನಿಂತರೂ ಹಿಂದಕ್ಕೆ ಹೋಗುವುದು ಹೆಚ್ಚೆಂದರೆ ಐದು ನಿಮಿಷ.

ಕತ್ತರಿಸಲು ಕೂತ ಮೇಲೆ ಗೊತ್ತಾಯಿತು, ಇದು ಬೋರ್ಡಿನ ಮಿತಿಗೆ ಹುಡುಕಿದ ಉಪಾಯ ಆಗಿದ್ದರೂ ಕಥೆಗೆ ಒಳ್ಳೆಯದನ್ನೇ ಮಾಡಿತು. ಕೆಲಸದ ಮನೆಯಲ್ಲಿ ಯಾರೂ ಪಟ್ಟಾಗಿ ಕೂತು ಕೇಳುವುದಿಲ್ಲ. ಗಿರಾಕಿ ಬರುತ್ತಾರೆ, ಚಹಾ ಬರುತ್ತದೆ, ಅಂಟು ಕಾಯಿಸಲು ಎದ್ದು ಹೋಗುತ್ತಾರೆ. ಹೋಗಿ ಬಂದವರು ಐದು ನಿಮಿಷದೊಳಗೆ ಕಥೆಗೆ ಮರಳಿ ಹತ್ತಿಕೊಳ್ಳಬೇಕು. ಅದಕ್ಕೆ ಪ್ರತಿ ತುಂಡಿನ ತಲೆಯಲ್ಲಿ ಒಂದು ಕೊಂಡಿ ಸಾಲು ಬರೆದೆ: ಯಾರು, ಎಲ್ಲಿ, ಯಾವ ವರ್ಷ, ಈಗ ಏನು ನಡೆದಿದೆ.

ಸುರಪುರದ ಕಥೆಯನ್ನೇ ತೆಗೆದುಕೊಳ್ಳಿ. 1841ರಲ್ಲಿ ಮೇಲೆ ಹೇಳಿದ ಆತ್ಮಕಥೆಯ ಟೇಲರ್, ಇಂಗ್ಲಿಷ್ ಅಧಿಕಾರಿ, ಸುರಪುರಕ್ಕೆ ಬಂದ. ರಾಜ ವೆಂಕಟಪ್ಪ ನಾಯಕ ಆಗ ಚಿಕ್ಕ ಹುಡುಗ, ಟೇಲರ್‌ನನ್ನು ಅಪ್ಪಾ ಅಂತಲೇ ಕರೆಯುತ್ತಿದ್ದ. 1853ರವರೆಗೆ ಟೇಲರ್ ಸಂಸ್ಥಾನ ನೋಡಿಕೊಂಡು ಅವನ ಕೈಗೆ ಒಪ್ಪಿಸಿ ಹೋದ. 1858ರ ಫೆಬ್ರುವರಿಯಲ್ಲಿ ಅದೇ ವೆಂಕಟಪ್ಪ ನಾಯಕ ಇಂಗ್ಲಿಷರ ಮೇಲೆ ತಿರುಗಿಬಿದ್ದ. ಸೋತು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆ ಸಿಕ್ಕ. ಸೆರೆಮನೆಯಲ್ಲಿ ಅವನನ್ನು ನೋಡಲು ಹೋದವನು ಮತ್ತೆ ಟೇಲರ್. ಗಲ್ಲು ಶಿಕ್ಷೆ ಇಳಿಯಿತು, ಚೆಂಗಲ್ಪಟ್ಟು ಕೋಟೆಯಲ್ಲಿ ಕೆಲವು ವರ್ಷ ಸೆರೆ ಅಂತಾಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲೇ ಗುಂಡು ತಗುಲಿ ರಾಜ ಸತ್ತ.

ಇದನ್ನು ನಿಮಿಷದ ಲೆಕ್ಕದಲ್ಲಿ ಕತ್ತರಿಸಿದರೆ ಸೆರೆಮನೆಯ ಭೇಟಿ ಎರಡು ಫೈಲಿಗೆ ಸೀಳಿ ಹೋಗುತ್ತದೆ. ಅದು ಒಂದೇ ಉಸಿರಿನಲ್ಲಿ ಕೇಳಬೇಕಾದ್ದು. ಆ ತುಂಡನ್ನು ಏಳು ನಿಮಿಷಕ್ಕೆ ಬಿಟ್ಟು, ಅದಕ್ಕೆ ಮೊದಲಿನದನ್ನು ಮೂರಕ್ಕೆ ಇಳಿಸಿದೆ. 1853ರ ಒಪ್ಪಿಸುವಿಕೆಯಲ್ಲಿ ಒಂದು ತುಂಡು ಮುಗಿಯುತ್ತದೆ. ಮುಂದಿನದರ ಕೊಂಡಿ ಸಾಲು ಹೀಗೆ: ಟೇಲರ್ ಎದುರು ಬೆಳೆದ ಹುಡುಗ ವೆಂಕಟಪ್ಪ ನಾಯಕ ಈಗ ಸುರಪುರದ ರಾಜ, 1857 ಮುಗಿಯುತ್ತಾ ಬಂದಿದೆ, ಉತ್ತರದ ಸುದ್ದಿ ಇಲ್ಲಿಗೂ ಬರುತ್ತಿದೆ. ಇಷ್ಟು ಸಾಕು. ಮೊದಲ ತುಂಡು ತಪ್ಪಿಸಿಕೊಂಡವರೂ ಹತ್ತಿಕೊಳ್ಳುತ್ತಾರೆ.

ಪ್ರತಿ ಫೋಲ್ಡರಿನ ಮೊದಲ ಫೈಲ್ ಒಂದು ನಿಮಿಷದ್ದು, ಈ ಕಥೆಯಲ್ಲಿ ಯಾರ್ಯಾರು ಬರುತ್ತಾರೆ ಅನ್ನುವ ಪಟ್ಟಿ. ಇದು ಕೇಳುಗರು ಕೇಳಿ ಹಾಕಿಸಿಕೊಂಡದ್ದು.

ರೆಕಾರ್ಡಿಂಗ್

ನಮ್ಮ ಮನೆ ಕೊಪ್ಪಳದ ರಸ್ತೆ ಬದಿ. ಕಲ್ಲಿನ ನೆಲ, ಬರಿಗೋಡೆ, ದನಿ ಗುಂಯ್ ಅನ್ನುತ್ತದೆ. ಸ್ಟುಡಿಯೋ ಫೋಮ್ ತರಿಸುವ ಬದಲು ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹಗ್ಗದ ಮೇಲೆ ಹಾಕಿ ಮೂರು ಕಡೆ ಇಳಿಬಿಟ್ಟೆ. ಹಳೆ ಸೀರೆ ಪದರ ಪದರ ಹಾಕಿ ಹೊಲಿದ ಕೌದಿ ದನಿಯನ್ನು ಚೆನ್ನಾಗಿ ಹೀರುತ್ತದೆ. ಗೋಡೆಗೆ ಒತ್ತಿ ಹಾಕಬೇಡಿ, ಒಂದು ಗೇಣು ಜಾಗ ಬಿಟ್ಟು ತೂಗುಹಾಕಿ, ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಓದುವವರ ಬೆನ್ನ ಹಿಂದೆ ಒಂದು ಕಡ್ಡಾಯ. ಮೈಕ್ ಕೇಳುವುದು ಓದುವವರ ಕಡೆಯದನ್ನೇ ಅಲ್ವಾ, ಅವರ ಹಿಂದಿನ ಗೋಡೆಯೇ ಅದಕ್ಕೆ ಜಾಸ್ತಿ ಕೇಳುತ್ತದೆ.

ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಕೌದಿ ನಡುವೆ ಕೂರುವುದು ಕಷ್ಟ. ಬೆಳಗಿನ ನಾಲ್ಕರಿಂದ ಆರರ ಒಳಗೆ ಓದಿದೆವು, ಆಗ ಲಾರಿ ಸದ್ದೂ ಕಡಿಮೆ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದುಬಿಡಿ, ಬ್ಯಾಟರಿ ಮೇಲೆ ಓಡಿಸಿ. ಕರೆಂಟಿನ 50 ಹರ್ಟ್ಜ್ ಗುಂಯ್‌ಗುಡುವಿಕೆ ಅರ್ಧಕ್ಕರ್ಧ ಅಲ್ಲೇ ಹೋಗುತ್ತದೆ. ಭ, ಫ, ಪ ಬಂದಾಗ ಉಸಿರು ಮೈಕಿಗೆ ಬಡಿಯುತ್ತದೆ. ಭೀಮರಾಯ, ವೀರಪ್ಪ, ವೆಂಕಟಪ್ಪ, ಕೊಪ್ಪಳ ಅಂತ ಇಡೀ ಕಥೆಯೇ ಅಂಥ ಹೆಸರುಗಳದ್ದು! ಕಸೂತಿ ಹಾಕುವ ಬಳೆಗೆ ತೆಳು ಬಟ್ಟೆ ಎರಡು ಪದರ ಬಿಗಿದು ಮೈಕಿನ ಮುಂದಿಟ್ಟು, ಮೈಕನ್ನು ಬಾಯಿಗೆ ನೇರ ಇಡದೆ ಸ್ವಲ್ಪ ಓರೆಗೆ ಇಟ್ಟರೆ ಸಾಕು.

ಉಳಿದದ್ದು ಆಡಾಸಿಟಿ ಅನ್ನುವ ದನಿ ತಿದ್ದುವ ತಂತ್ರಾಂಶದಲ್ಲಿ. 80 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿದೆ, ಜೋರು ಮೆಲು ದನಿಯ ಅಂತರ ತಗ್ಗಿಸುವ ಕಂಪ್ರೆಸರ್ ಸ್ವಲ್ಪ ಗಟ್ಟಿಯಾಗೇ ಹಾಕಿದೆ. ಹೆಡ್‌ಫೋನಿನಲ್ಲಿ ಕೇಳುವವರಿಗೆ ಅಷ್ಟು ಬೇಡ, ಆದರೆ ಉಳಿ ಸುತ್ತಿಗೆ ಸದ್ದಿನ ನಡುವೆ ಪಿಸುಮಾತಿನಂಥ ಸಾಲು ಮುಳುಗಿಹೋಗುತ್ತದೆ. ಎಲ್ಲ ಫೈಲನ್ನೂ ಒಂದೇ ಮಟ್ಟಕ್ಕೆ ತಂದು, ಒಂದೇ ಚಾನೆಲ್ಲಿನ 64 ಕೆಬಿಪಿಎಸ್ ಎಂಪಿ3 ಮಾಡಿದೆ. ಗಂಟೆಗೆ ಸುಮಾರು 29 ಎಂಬಿ ಆಗುತ್ತದೆ. 8 ಜಿಬಿ ಕಾರ್ಡ್ ಧಾರಾಳ.

ನೆನಪು, ವಿದ್ಯುತ್, ಮರ

ಎಲ್ಲಿ ನಿಂತಿತು ಅನ್ನುವುದನ್ನು ನ್ಯಾನೊದ ಇಇಪ್ರಾಮ್‌ನಲ್ಲಿ ಬರೆದಿಡುತ್ತೇನೆ. ವಿದ್ಯುತ್ ಹೋದರೂ ಅಲ್ಲಿ ಬರೆದದ್ದು ಅಳಿಯುವುದಿಲ್ಲ. ಆದರೆ ಒಂದೊಂದು ಖಾನೆಗೂ ಒಂದು ಲಕ್ಷ ಸಲ ಬರೆಯುವಷ್ಟೇ ಖಾತರಿ. ಐದು ನಿಮಿಷಕ್ಕೊಂದು ತುಂಡು, ದಿನಕ್ಕೆ ಎಂಟು ಗಂಟೆ ಅಂದರೆ ದಿನಕ್ಕೆ ಸುಮಾರು ನೂರು ಸಲ ಬರೆಯಬೇಕು. ಒಂದೇ ಖಾನೆಗೆ ಬರೆದರೆ ಮೂರು ವರ್ಷದೊಳಗೆ ಖಾತರಿ ಮುಗಿಯಿತು. ಹಾಗಾಗಿ 1024 ಬೈಟುಗಳನ್ನು ನಾಲ್ಕು ನಾಲ್ಕರ 256 ಖಾನೆ ಮಾಡಿ ಸುತ್ತಿನಲ್ಲಿ ಬರೆಯುತ್ತೇನೆ: ಎರಡು ಬೈಟ್ ಕ್ರಮಸಂಖ್ಯೆ, ಒಂದು ಫೋಲ್ಡರ್, ಒಂದು ಫೈಲ್. ಆನ್ ಆದಾಗ ಖಾನೆಗಳನ್ನು ಓದುತ್ತಾ ಹೋಗಿ, ಮುಂದಿನ ಕ್ರಮಸಂಖ್ಯೆ ಒಂದರಿಂದ ಹೆಚ್ಚಾಗದ ಜಾಗ ಸಿಕ್ಕರೆ ಅದೇ ಕೊನೆಯ ಬರಹ. ಡಬ್ಬಿಯ ಮರ ಹಾಳಾದರೂ ಈ ನೆನಪು ಹಾಳಾಗುವುದಿಲ್ಲ.

ಫೈಲುಗಳ ಹೆಸರು 001, 002 ಅಂತ ಅಂಕಿಯಲ್ಲೇ ಇರಲಿ, ಫೋಲ್ಡರ್ 01, 02 ಅಂತ. ಫೋಲ್ಡರ್ ಮತ್ತು ಫೈಲ್ ಸಂಖ್ಯೆ ಹೇಳಿ ನುಡಿಸುವ ಅಪ್ಪಣೆಯನ್ನೇ ಬಳಸಿ. ಇಲ್ಲದಿದ್ದರೆ ಈ ಬೋರ್ಡ್ ಕಾರ್ಡಿಗೆ ಕಾಪಿ ಮಾಡಿದ ಕ್ರಮದಲ್ಲಿ ಎಣಿಸುತ್ತದೆ, ಭೀಮರಾಯರು ಸತ್ತ ಮೇಲೆ ಕೋಟೆಗೆ ಬರುತ್ತಾರೆ. ಫೈಲ್ ಮುಗಿಯಿತು ಅಂತ ತಿಳಿಯಲು ಬೋರ್ಡಿನ BUSY ಅನ್ನುವ ಪಿನ್ ನೋಡುತ್ತೇನೆ. ನುಡಿಯುವಾಗ ಅದರ ವೋಲ್ಟೇಜ್ ಕೆಳಗಿರುತ್ತದೆ, ನಿಂತಾಗ ಮೇಲೇಳುತ್ತದೆ. ಗುಂಡಿ ಒತ್ತಿ ನಿಲ್ಲಿಸಿದಾಗಲೂ ಮೇಲೇಳುವುದರಿಂದ ಅದನ್ನು ಪ್ರೋಗ್ರಾಮಿನಲ್ಲಿ ಬೇರೆಯಾಗಿ ಗುರುತಿಟ್ಟುಕೊಳ್ಳಬೇಕು. ನ್ಯಾನೊದಿಂದ ಬೋರ್ಡಿಗೆ ಹೋಗುವ ತಂತಿಗೆ 1 ಕಿಲೋಓಮ್ ರೆಸಿಸ್ಟರ್ ಹಾಕಿ, ಟಕಟಕ ಸದ್ದು ನಿಲ್ಲುತ್ತದೆ.

ವಿದ್ಯುತ್ತಿಗೆ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಒಂದು 18650 ಲಿಥಿಯಂ ಸೆಲ್, 2600 ಎಂಎಎಚ್. ನ್ಯಾನೊಗೆ 5 ವೋಲ್ಟ್ ಬೇಕು, ಅದಕ್ಕೆ ವೋಲ್ಟೇಜ್ ಏರಿಸುವ ಬೂಸ್ಟ್ ಬೋರ್ಡ್. ನ್ಯಾನೊ, ಎಂಪಿ3 ಬೋರ್ಡ್ ಎರಡನ್ನೂ ಅದೇ 5 ವೋಲ್ಟಿನ ಮೇಲೆ ಓಡಿಸಿದರೆ ಸ್ಪೀಕರಿನಲ್ಲಿ ಸಣ್ಣಗೆ ಕುಂಯ್ ಅನ್ನುವ ಸದ್ದು, ಕಥೆ ನಿಂತ ಕಡೆಯೆಲ್ಲ ಅದೇ ಕೇಳುತ್ತದೆ. ಡಿಎಫ್‌ಪ್ಲೇಯರ್ 3.2 ವೋಲ್ಟಿನಿಂದಲೇ ಓಡುತ್ತದೆ. ಅದನ್ನು ನೇರ ಸೆಲ್ಲಿಗೆ ಕೊಟ್ಟು, ನ್ಯಾನೊವನ್ನು ಮಾತ್ರ ಬೂಸ್ಟಿಗೆ ಕೊಟ್ಟೆ. ಪಕ್ಕದಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಎರಡರ ಗ್ರೌಂಡೂ ಸೆಲ್ಲಿನ ಬಳಿ ಒಂದೇ ಕಡೆ ಸೇರಬೇಕು. ಸದ್ದು ಪೂರ್ತಿ ಹೋಯಿತು. ದನಿಯ ಜೋರು ಒಂದಿಷ್ಟು ಕಡಿಮೆಯಾಯಿತು, 4 ಓಮ್ ಸ್ಪೀಕರ್ ಹಾಕಿದ್ದರಿಂದ ಆ ಮನೆಗೆ ಸಾಕಾಗುತ್ತದೆ. ಚಾರ್ಜ್ ಮಾಡಲು ರಕ್ಷಣೆಯ ಚಿಪ್ ಇರುವ ಟಿಪಿ4056 ಬೋರ್ಡ್. ಚಾರ್ಜ್ ಆಗುವಾಗಲೇ ಡಬ್ಬಿ ನುಡಿದರೆ ಸೆಲ್ ತುಂಬಿತೋ ಇಲ್ಲವೋ ಅಂತ ಆ ಚಿಪ್ಪಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೆ ಎರಡು ಕಡೆ ಸರಿಯುವ ಸ್ವಿಚ್ ಹಾಕಿದೆ: ಈ ಕಡೆ ಕಥೆ, ಆ ಕಡೆ ಚಾರ್ಜ್. ರಾತ್ರಿ ಚಾರ್ಜಿಗೆ ಹಾಕಿದರೆ ಒಂದು ದಿನದ ಕೆಲಸ ದಾಟುತ್ತದೆ, ಕರೆಂಟ್ ಇರಲಿ ಬಿಡಲಿ.

ಪೆಟ್ಟಿಗೆ ಕಟ್ಟಿಕೊಟ್ಟದ್ದು ಕಿನ್ನಾಳದವರೇ, ಗೊಂಬೆಗೆ ಬಳಸುವ ಹಗುರ ಪೊಲಿಕಿ ಮರದಲ್ಲಿ. ಹಗುರ ಮರ ಸ್ಪೀಕರ್ ಜೊತೆ ತಾನೂ ನಡುಗುತ್ತದೆ. ಒಳಗಿನ ಗೋಡೆಗೆ ಹಳೆ ಕೌದಿಯ ತುಂಡು ಅಂಟಿಸಿದ ಮೇಲೆ ದನಿ ಬಿಗಿಯಾಯಿತು. ಮೂಲೆಗಳ ಸಂದಿಗೆ ನಾನು ಸಿಲಿಕೋನ್ ಅಂದೆ. ಅವರು ಕಿಟ್ಟವೇ ಸಾಕು ಅಂದರು. ಸೆಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟಿನ ಜೊತೆ ಕಲಸಿದ್ದು ಅದು. ಒಣಗಿದ ಮೇಲೆ ಮರಕ್ಕೂ ಅದಕ್ಕೂ ಭೇದವೇ ತಿಳಿಯುವುದಿಲ್ಲ, ಉಜ್ಜಿ ಬಣ್ಣ ಹಾಕಬಹುದು. ಪೂರ್ತಿ ಒಣಗುವವರೆಗೆ ಬೋರ್ಡುಗಳನ್ನು ಒಳಗೆ ಇಡಬೇಡಿ, ಅದರಲ್ಲಿ ನೀರಿರುತ್ತದೆ.

ಗುಂಡಿಗಳನ್ನೂ ಅವರೇ ಕೆತ್ತಿದರು. ನುಡಿಸಲು ನಿಲ್ಲಿಸಲು ದುಂಡಗಿನದು, ಹಿಂದಕ್ಕೆ ಮುಮ್ಮೂಲೆಯದು, ಮುಂದಿನ ಕಥೆಗೆ ಚೌಕ. ಕಣ್ಣು ಗೊಂಬೆ ಮೇಲಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಮರದ ಹೊಟ್ಟು ಸ್ವಿಚ್ಚಿನೊಳಗೆ ಇಳಿಯದಂತೆ ನಡುವೆ ಸೈಕಲ್ ಟ್ಯೂಬಿನ ರಬ್ಬರ್ ತುಂಡು ಹಾಸಿದೆ.

ಇಟ್ಟ ಮೇಲೆ ಬದಲಾದದ್ದು ಹಿಂದಕ್ಕೆ ಹೋಗುವ ಗುಂಡಿ. ಅದು ನೇರ ಹಿಂದಿನ ಫೈಲಿಗೆ ಹೋಗುತ್ತಿತ್ತು. ಅವರಿಗೆ ಬೇಕಿದ್ದದ್ದು ಇದೇ ತುಂಡು ಮತ್ತೊಮ್ಮೆ. ಈಗ ಒಮ್ಮೆ ಒತ್ತಿದರೆ ಈ ತುಂಡಿನ ತಲೆಗೆ, ಎರಡು ಸೆಕೆಂಡಿನೊಳಗೆ ಇನ್ನೊಮ್ಮೆ ಒತ್ತಿದರೆ ಹಿಂದಿನದಕ್ಕೆ. ಅವರು ಹೆಚ್ಚು ಸಲ ಮರಳಿ ಹಾಕಿಸುವುದು ಸುರಪುರದ ಸೆರೆಮನೆಯ ತುಂಡು ಮತ್ತು 1858ರ ಜೂನ್ 1ರ ಕೊಪ್ಪಳದ ಕೋಟೆಯ ತುಂಡು.

ಏಳನೇ ಫೋಲ್ಡರಿಗೆ ಬಳ್ಳಾರಿ ಸೀಮೆಯ ಹತ್ತಿಯ ಕಥೆ ಬರೆಯುತ್ತಿದ್ದೇನೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಬೆಲೆ ಏರಿದ್ದು, 1865ರಲ್ಲಿ ಯುದ್ಧ ಮುಗಿದ ಮೇಲೆ ಇಳಿದದ್ದು. ಎರಡನೇ ಡಬ್ಬಿ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಮನೆಗೆ ಹೋಗಬೇಕಿದೆ. ಅಲ್ಲಿ ಮೋಟಾರಿನ ಸದ್ದು ಜಾಸ್ತಿ, ಈ ಆಂಪ್ಲಿಫೈಯರ್ ಸಾಲುವುದಿಲ್ಲ. ಅದಕ್ಕೆ ಡಿಎಫ್‌ಪ್ಲೇಯರಿನ ಆಂಪ್ಲಿಫೈಯರಿಗೆ ಹೋಗುವ ಮೊದಲಿನ ದನಿ ಸಿಗುವ ಡಿಎಸಿ ಪಿನ್‌ಗಳಿಂದ ದನಿ ಹೊರತೆಗೆದು ಬೇರೆ ಆಂಪ್ಲಿಫೈಯರ್ ಕೂರಿಸಿ, ಸೆಲ್ ಎರಡು ಹಾಕುತ್ತಿದ್ದೇನೆ.